ಹಳೆಯ ಶೂಟಿಂಗ್ ಆಟಗಳಿಗೆ ಲಿನಕ್ಸ್‌ನಲ್ಲಿ ಯಾವ ಎಂಜಿನ್?



2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಆ ಮೇಲೆ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಮೂರೂ ಊರುಗಳ ನಮ್ಮ ಸದಸ್ಯರಲ್ಲಿ ಹಲವರು ಹಳೆಯ ಕಂಪ್ಯೂಟರ್‌ಗಳಿಗೆ ಲಿನಕ್ಸ್ ಹಾಕಿಸಿಕೊಂಡಿದ್ದಾರೆ. ಗುಜರಿಗೆ ಹೋಗಬೇಕಿದ್ದ ಯಂತ್ರ ಇನ್ನಷ್ಟು ವರ್ಷ ಬಾಳುವುದಾದರೆ ಸಂತೋಷವೇ. ಒಂದು ಕಾಲಕ್ಕೆ ಡೂಮ್, ಕ್ವೇಕ್ ಆಡಿ ಬೆಳೆದ ಹುಡುಗರು ಇಂದು ನಲವತ್ತು ದಾಟಿದ ಗೃಹಸ್ಥರು. "ಲಿನಕ್ಸ್‌ನ್ಯಾಗ ಆ ಆಟ ನಡೀತಾವೇನ್ರಿ?" ಎಂದು ಅವರು ಸಂಘದಲ್ಲಿ ಕೇಳುತ್ತಿರುತ್ತಾರೆ. ನಡೆಯುತ್ತವೆ. ಆದರೆ ಎಂಜಿನ್‌ಗಳ ಹೆಸರು ಹತ್ತಾರು ಇರುವುದರಿಂದ ಯಾವುದನ್ನು ಹಾಕಬೇಕೆಂಬ ಗೊಂದಲವಾಗುತ್ತದೆ. ಅದಕ್ಕಾಗಿ ಈ ಟಿಪ್ಪಣಿ.

ಎಂಜಿನ್ ಎಂದರೇನು?

ಇಚಲಕರಂಜಿಯವರಿಗೆ ಇದನ್ನು ಹೇಳುವುದು ಸುಲಭ. ಎಂಜಿನ್ ಎಂಬುದು ಮಗ್ಗ. ಆಟದ ಕಡತ ಎಂಬುದು ನೂಲು ಮತ್ತು ವಿನ್ಯಾಸ. ಹಳೆಯ ಮಗ್ಗ ಕೆಟ್ಟರೂ ನೂಲು, ವಿನ್ಯಾಸ ಕೈಯಲ್ಲಿದ್ದರೆ ಹೊಸ ಮಗ್ಗದ ಮೇಲೆ ಅದೇ ಸೀರೆ ನೇಯಬಹುದು. ಡೂಮ್ ಆಟದ ಹಂತಗಳು, ಚಿತ್ರಗಳು, ಧ್ವನಿಗಳು ಎಲ್ಲವೂ 'ವ್ಯಾಡ್' ಎಂಬ ಒಂದೇ ಕಡತದಲ್ಲಿರುತ್ತವೆ. ಅದನ್ನು ಓದಿ ಪರದೆಯ ಮೇಲೆ ಆಡಿಸುವುದು ಎಂಜಿನ್‌ನ ಕೆಲಸ.

ಅಮೆರಿಕದ ಇಡ್ ಸಾಫ್ಟ್‌ವೇರ್ ಸಂಸ್ಥೆ 1993ರ ಡಿಸೆಂಬರ್ 10ರಂದು ಡೂಮ್ ಬಿಡುಗಡೆ ಮಾಡಿತು. 1997ರ ಡಿಸೆಂಬರ್‌ನಲ್ಲಿ ಆ ಎಂಜಿನ್‌ನ ಮೂಲ ಸಂಕೇತವನ್ನೇ ಎಲ್ಲರಿಗೂ ಕೊಟ್ಟಿತು. ಕೊಟ್ಟದ್ದು ಲಿನಕ್ಸ್ ಆವೃತ್ತಿಯನ್ನು. ಡಾಸ್ ಆವೃತ್ತಿಯ ಧ್ವನಿಯ ಭಾಗ ಬೇರೆಯವರ ಸೊತ್ತಾಗಿತ್ತು. 1999ರಲ್ಲಿ ಅದು ಜಿಪಿಎಲ್ ಎಂಬ ಮುಕ್ತ ಪರವಾನಗಿಗೆ ಬಂತು. ಅಂದಿನಿಂದ ಯಾರು ಬೇಕಾದರೂ ಅದನ್ನು ತಿದ್ದಿ, ಸುಧಾರಿಸಿ ಹಂಚಬಹುದು. ಇಷ್ಟೊಂದು ಎಂಜಿನ್‌ಗಳು ಹುಟ್ಟಿದ್ದು ಹೀಗೆ.

ಆರಿಸುವುದು ಹೇಗೆ?

ಎರಡು ಪ್ರಶ್ನೆ ಕೇಳಿಕೊಂಡರೆ ಸಾಕು. ನಮ್ಮ ಯಂತ್ರ ಎಷ್ಟು ಹಳೆಯದು? ಆಟ ಹಿಂದೆ ಇದ್ದ ಹಾಗೆಯೇ ಬೇಕೋ, ಹೊಸ ಅನುಕೂಲಗಳೊಂದಿಗೆ ಬೇಕೋ?

1. ಚಾಕೊಲೇಟ್ ಡೂಮ್: ಹಿಂದಿನ ಡಾಸ್ ಆಟವನ್ನು ಅದರ ದೋಷಗಳ ಸಮೇತ ಹಾಗೆಯೇ ಉಳಿಸಿಕೊಂಡದ್ದು. ಚಿತ್ರ 320×200 ಚುಕ್ಕಿಗಳದ್ದು. ಚಿತ್ರ ಬಿಡಿಸುವ ಕೆಲಸವನ್ನು ಪ್ರೊಸೆಸರ್ ಒಂದೇ ಮಾಡುವುದರಿಂದ ತೀರ ಹಳೆಯ ಯಂತ್ರಕ್ಕೂ ಭಾರವಾಗದು.

2. ಕ್ರಿಸ್ಪಿ ಡೂಮ್: ಚಾಕೊಲೇಟ್‌ನಿಂದಲೇ ಬಂದದ್ದು. ಚಿತ್ರ ಇನ್ನಷ್ಟು ಸ್ಪಷ್ಟ. ಮೂಲ ಆಟಕ್ಕಿದ್ದ ಮಿತಿಗಳನ್ನು ತೆಗೆದಿರುವುದರಿಂದ ದೊಡ್ಡ ಹಂತಗಳೂ ನಡೆಯುತ್ತವೆ. ಯಾವುದೆಂದು ತೋಚದವರಿಗೆ ನಾವು ಹೇಳುವುದು ಇದನ್ನೇ.

3. ಡಿಎಸ್‌ಡಿಎ ಡೂಮ್: ಸಾವಿರಾರು ಶತ್ರುಗಳಿರುವ ಭಾರಿ ಹಂತಗಳನ್ನು ಆಡುವವರಿಗೆ, ಆಟವನ್ನು ದಾಖಲಿಸಿಟ್ಟು ವೇಗದ ಪಂದ್ಯ ಕಟ್ಟುವವರಿಗೆ.

4. ಜಿಝಡ್‌ಡೂಮ್: ಮೌಸ್‌ನಿಂದ ಮೇಲೆ ಕೆಳಗೆ ನೋಡುವುದು, ಬಣ್ಣದ ಬೆಳಕು, ಅಭಿಮಾನಿಗಳು ಕಟ್ಟಿದ ಹೊಸ ಹೊಸ ಆಟಗಳು ಎಲ್ಲವೂ ಇದರಲ್ಲಿವೆ. ಆದರೆ ಇದು ಗ್ರಾಫಿಕ್ಸ್ ಕಾರ್ಡಿನ ಮೇಲೆ ನಿಂತದ್ದು. ಹತ್ತು ಹನ್ನೆರಡು ವರ್ಷ ಹಿಂದಿನ ಕಚೇರಿ ಯಂತ್ರದಲ್ಲಿ ತಡವರಿಸಿದರೆ ಅದು ಯಂತ್ರದ ತಪ್ಪೂ ಅಲ್ಲ, ಲಿನಕ್ಸ್‌ನ ತಪ್ಪೂ ಅಲ್ಲ, ಎರಡನೆಯದಕ್ಕೆ ಇಳಿಯಿರಿ.

1996ರ ಕ್ವೇಕ್ ಆಟಕ್ಕೆ ಕ್ವೇಕ್‌ಸ್ಪಾಸ್ಮ್, ಅದೇ ವರ್ಷದ ಡ್ಯೂಕ್ ನ್ಯೂಕೆಮ್ 3ಡಿಗೆ ಇಡ್ಯೂಕ್32, ಕ್ವೇಕ್ 3ಕ್ಕೆ ಐಒಕ್ವೇಕ್3 ಇವೆ. ಕ್ವೇಕ್ ಆಡುವವರು ಒಂದು ಸಂಗತಿ ಗಮನಿಸಬೇಕು. ಲಿನಕ್ಸ್‌ಗೆ ಇಂಗ್ಲಿಷಿನ ದೊಡ್ಡಕ್ಷರ ಬೇರೆ, ಚಿಕ್ಕಕ್ಷರ ಬೇರೆ. ಹಳೆಯ ಸಿ.ಡಿ.ಯಿಂದ ತೆಗೆದ 'ಪ್ಯಾಕ್' ಕಡತಗಳ ಹೆಸರು ದೊಡ್ಡಕ್ಷರದಲ್ಲಿದ್ದರೆ ಎಂಜಿನ್‌ಗೆ ಅವು ಕಾಣಿಸುವುದೇ ಇಲ್ಲ. ಹೆಸರನ್ನು ಚಿಕ್ಕಕ್ಷರಕ್ಕೆ ಬದಲಿಸಿದರೆ ಆಯಿತು. ಇನ್ನೊಂದು: ಒಂದು ಎಂಜಿನ್‌ನಲ್ಲಿ ಅರ್ಧಕ್ಕೆ ಉಳಿಸಿದ ಆಟ ಸಾಮಾನ್ಯವಾಗಿ ಇನ್ನೊಂದರಲ್ಲಿ ತೆರೆಯದು.

ಕಡತ ಎಲ್ಲಿಂದ ತರುವುದು?

ಎಂಜಿನ್ ಮುಕ್ತವಾದರೂ ಡೂಮ್‌ನ ಪೂರ್ಣ ಕಡತ ಮುಕ್ತವಲ್ಲ. ಅದನ್ನು ಕೊಂಡೇ ಬಳಸಬೇಕು. ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ಬರುವ ನಕಲು ಬೇಡ. ಮೊದಲ ಭಾಗದ ಒಂಬತ್ತು ಹಂತಗಳನ್ನು ಮಾತ್ರ ಸಂಸ್ಥೆಯೇ ಹಿಂದಿನಿಂದ ಉಚಿತವಾಗಿ ಹಂಚಲು ಬಿಟ್ಟಿದೆ. ಹಣ ಕೊಡದೆ ಪೂರ್ತಿ ಆಟ ಬೇಕೆನ್ನುವವರಿಗೆ ಫ್ರೀಡೂಮ್ ಇದೆ. ಚಿತ್ರ, ಧ್ವನಿ, ಹಂತ ಎಲ್ಲವನ್ನೂ ಸ್ವಯಂಸೇವಕರು ಹೊಸದಾಗಿ ಮಾಡಿ ಮುಕ್ತವಾಗಿ ಕೊಟ್ಟಿದ್ದಾರೆ. ಇದಕ್ಕೆ ಕ್ರಿಸ್ಪಿ ಡೂಮ್ ಒಳ್ಳೆಯ ಜೋಡಿ. ಮಿಂಟ್, ಉಬುಂಟು, ಡೆಬಿಯನ್ ಬಳಸುವವರು ತಮ್ಮ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಈ ಎರಡೂ ಹೆಸರುಗಳನ್ನು ಇಂಗ್ಲಿಷಿನಲ್ಲಿ ಹುಡುಕಿ ಅಲ್ಲಿಂದಲೇ ಹಾಕಿಕೊಳ್ಳಿ. ಸಿಕ್ಕ ಸಿಕ್ಕ ತಾಣದಿಂದ ಇಳಿಸಿಕೊಳ್ಳುವುದು ಬೇಡ.

ಪಾಲಕರಿಗೆ ಒಂದು ಮಾತು

ಇವು ರಕ್ತ, ಬಂದೂಕಿನ ಆಟಗಳು. ಚಿಕ್ಕ ಮಕ್ಕಳಿಗೆ ಅಲ್ಲ. ದೊಡ್ಡ ಹುಡುಗರ ಮಟ್ಟಿಗೆ ಒಂದು ಸಮಾಧಾನವಿದೆ: ಒಮ್ಮೆ ಹಾಕಿದ ಮೇಲೆ ಒಬ್ಬರೇ ಆಡಲು ಇಂಟರ್ನೆಟ್ ಬೇಕಿಲ್ಲ, ಜಾಹೀರಾತು ಇಲ್ಲ, ಹಣ ಕಟ್ಟಿ ಆಡುವ ಚಟಕ್ಕೆ ಅವಕಾಶವಿಲ್ಲ. ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕೇಂದ್ರ ಸರ್ಕಾರ 2025ರಲ್ಲಿ ಕಾನೂನನ್ನೇ ತಂದಿರುವಾಗ ಈ ವ್ಯತ್ಯಾಸ ಪಾಲಕರಿಗೆ ತಿಳಿದಿರಲಿ.

ಲಿನಕ್ಸ್‌ಗೆ ಹೋಗುವ ಮುನ್ನ ನಮ್ಮ ಕನ್ನಡ ಕಡತಗಳು

ಆಟಕ್ಕಾಗಿ ಲಿನಕ್ಸ್ ಹಾಕಿಸುವ ಅವಸರದಲ್ಲಿ ಇದನ್ನು ಮರೆಯಬಾರದು. ನುಡಿ, ಬರಹಗಳ ಹಳೆಯ ಆವೃತ್ತಿಗಳಲ್ಲಿ ಬೆರಳಚ್ಚು ಮಾಡಿದ ಕಡತಗಳು ಯೂನಿಕೋಡ್‌ನಲ್ಲಿಲ್ಲದಿದ್ದರೆ, ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಗಡಿಯಾಚೆ ಇರುವ ನಮಗೆ ಮನೆಯ ಕನ್ನಡ ಬರಹ, ಸಂಘದ ನಡಾವಳಿ, ಹಿರಿಯರ ಭಾಷಣ, ಮದುವೆಯ ಮಂಗಳಾಷ್ಟಕ ಎಲ್ಲವೂ ಬೇರೆಲ್ಲೂ ಸಿಗದ ಆಸ್ತಿ. ವಿಂಡೋಸ್ ಅಳಿಸುವ ಮುನ್ನ ಇವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒಂದು ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳಿ. ಲಿನಕ್ಸ್‌ನಲ್ಲಿ ಕನ್ನಡ ಬರೆಯಲು ತೊಂದರೆಯಿಲ್ಲ, ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕಗಪ ಕೀಲಿಮಣೆ ಅದರಲ್ಲಿ ಸಿಗುತ್ತದೆ.

ಮೂವತ್ತು ವರ್ಷ ದಾಟಿದ ಆಟ ಇಂದಿಗೂ ಹೊಸ ಯಂತ್ರದಲ್ಲಿ ಓಡುತ್ತಿರುವುದು ಅದರ ಸಂಕೇತ ಎಲ್ಲರ ಕೈಗೆ ಸಿಕ್ಕಿದ್ದರಿಂದ. ನಮ್ಮ ಬರಹವೂ ಯಾವ ಯಂತ್ರವಾದರೂ ಓದಬಲ್ಲ ರೂಪದಲ್ಲಿದ್ದರೆ ಮೊಮ್ಮಕ್ಕಳ ಕಾಲಕ್ಕೂ ಉಳಿದೀತು.

ಎಂಜಿನ್ ಹಾಕಿಕೊಳ್ಳಲು ಅಥವಾ ಕಡತ ಪರಿವರ್ತಿಸಲು ನೆರವು ಬೇಕಾದ ಸದಸ್ಯರು ಮುಂದಿನ ಮಾಸಿಕ ಸಭೆಗೆ ತಮ್ಮ ಲ್ಯಾಪ್‌ಟಾಪ್ ಮತ್ತು ಚಾರ್ಜರ್ ತರಬೇಕಾಗಿ ವಿನಂತಿ. ಸಭೆ ಮುಗಿದ ಮೇಲೆ ನಮ್ಮ ಯುವ ಸದಸ್ಯರು ಕೂತು ಮಾಡಿಕೊಡುತ್ತಾರೆ. ಕಡತಗಳ ಕೆಲಸ ಮೊದಲು, ಆಟ ಆಮೇಲೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ