ಸಾಕು ತಂದೆತಾಯಿಗಳಾಗುವ ಮುನ್ನ

ದತ್ತು ಬೇರೆ, ಸಾಕುವುದು ಬೇರೆ. 2015ರ ಬಾಲನ್ಯಾಯ ಕಾಯಿದೆಯನ್ವಯ ಮಕ್ಕಳ ಕಲ್ಯಾಣ ಸಮಿತಿಯು ಮಗುವಿನ ಪಾಲನೆಯನ್ನಷ್ಟೇ ಸಾಕುವವರಿಗೆ ಒಪ್ಪಿಸುತ್ತದೆ. 2024ರ ಮಾರ್ಗಸೂಚಿಯಂತೆ 35ರಿಂದ 60 ವರ್ಷದೊಳಗಿನ ಒಂಟಿ ವ್ಯಕ್ತಿಗಳೂ ಅರ್ಜಿ ಸಲ್ಲಿಸಬಹುದು. ಮನೆ, ಆದಾಯ, ಆರೋಗ್ಯಗಳ ಪರಿಶೀಲನೆಯೇನೋ ನಡೆಯುವುದು. ಆದರೆ ಮುಖ್ಯ ಸಿದ್ಧತೆ ಮನಸ್ಸಿನದು.

ಆರು ವರ್ಷ ದಾಟಿದ ಮಗು ತನ್ನ ನೆನಪುಗಳೊಡನೆ ಬರುತ್ತದೆ. ಅದು ತಿಂಡಿಯನ್ನು ದಿಂಬಿನಡಿ ಬಚ್ಚಿಡಬಹುದು, ರಾತ್ರಿ ಹಾಸಿಗೆ ಒದ್ದೆಮಾಡಬಹುದು. ಗದರಬಾರದು, ಊಟ, ನಿದ್ರೆಗಳ ವೇಳೆ ತಪ್ಪದಂತೆ ನಡೆಸಿದರೆ ಭಯ ಕ್ರಮೇಣ ಇಳಿಯುವುದು. ಮುಂಬಯಿಯ ಕನ್ನಡಿಗರ ಮನೆಗೆ ಬರುವ ಮಗುವಿನ ಮಾತು ಮರಾಠಿಯಿರಬಹುದು. ಕನ್ನಡ ಕಲಿಸುವ ಮೊದಲು ಅದರ ಮಾತನ್ನು ಆಲಿಸೋಣ. ಅದರ ಹೆತ್ತವರನ್ನು ಹಳಿಯದಿರೋಣ.

ಬ್ಯಾಂಕಿನವನ ಮಾತಿನಲ್ಲಿ ಹೇಳುವುದಾದರೆ, ಮಗು ನಮ್ಮ ಆಸ್ತಿಯಲ್ಲ, ನಂಬಿ ಇಟ್ಟ ಠೇವಣಿ. ಹೆತ್ತವರ ಮಡಿಲಿಗೆ ಮರಳಿಸಬೇಕೆಂದು ಸಮಿತಿ ಆದೇಶಿಸಿದ ದಿನ ಹರಸಿ ಕಳುಹಿಸುವ ಮನೋಬಲವುಳ್ಳವರೇ ಈ ಹೊಣೆಗೆ ಅರ್ಹರು.