ತಾನೇ ನಿಲ್ಲುವ ಕಾರಿಗೆ ಬೇಗಾರ್ ಚರಂಡಿ ಕಂಡೀತೇ?

ಬೇಗಾರ್: ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಕಡೆ ಅಡಿಕೆ ಮಾರಿ ನಾಲ್ಕು ಕಾಸು ಕೈಗೆ ಬಂದವರ ಬಾಯಲ್ಲಿ ಈಗ ಒಂದೇ ಮಾತು. ಕರೆಂಟು ಕಾರು. ಅದೂ ಸಣ್ಣದಲ್ಲ, ಎಸ್‌ಯುವಿ ಎಂಬ ಎತ್ತರದ ದೊಡ್ಡ ಗಾಡಿ. ಬಸ್ಸಿಗೆ ಕಾಯುವವರೂ ಅದನ್ನೇ ಮಾತಾಡುತ್ತಾರೆ, ಅಂಗಡಿ ಕಟ್ಟೆಯ ಮೇಲೂ ಅದೇ ಸುದ್ದಿ. ತಾನೇ ಬ್ರೇಕ್ ಹಾಕುತ್ತದಂತೆ. ತಾನೇ ಸ್ಟೀರಿಂಗ್ ತಿರುಗಿಸುತ್ತದಂತೆ. ಒಡೆಯ ಕೆಳಗಿಳಿದು ಗುಂಡಿ ಒತ್ತಿದರೆ ಸಾಕು, ತಾನೇ ಹೋಗಿ ಕೊಟ್ಟಿಗೆಯಲ್ಲಿ ನಿಲ್ಲುತ್ತದಂತೆ!

ಇದರಲ್ಲಿ ಹೊಸತೇನು ಮಾರಾಯ್ರೆ? ಎತ್ತಿನ ಗಾಡಿಯ ಕಾಲದಲ್ಲಿ ಸಂತೆ ಮುಗಿಸಿದ ಯಜಮಾನ ಗಾಡಿಯಲ್ಲೇ ನಿದ್ದೆ ಹೋದರೂ ಎತ್ತು ಮನೆ ಸೇರುತ್ತಿತ್ತು. ಆದರೆ ಒಂದು ವ್ಯತ್ಯಾಸ ಇತ್ತು. ಚರಂಡಿ ಎಲ್ಲಿದೆ ಅಂತ ಎತ್ತಿಗೆ ಗೊತ್ತಿತ್ತು. ಈ ಕಾರಿಗೆ ಗೊತ್ತೇ?

ಪ್ರಶ್ನೆ ತಮಾಷೆಯದ್ದಲ್ಲ, ದುಡ್ಡಿನದು. ಮಹೀಂದ್ರದವರು 2024ರ ನವೆಂಬರಿನಲ್ಲಿ ಬಿಇ 6 ಎಂಬ ಗಾಡಿ ಹೊರತಂದಾಗ ಹೇಳಿದ ಆರಂಭದ ದರ 18.90 ಲಕ್ಷ. ಎಲ್ಲ ಸವಲತ್ತೂ ತುಂಬಿದ ಮೇಲಿನ ದರ್ಜೆಗೆ 2025ರ ಆರಂಭದಲ್ಲಿ ಹೇಳಿದ್ದು 26.90 ಲಕ್ಷ. ನಡುವೆ ಎಂಟು ಲಕ್ಷ ರೂಪಾಯಿ! ಅದರಲ್ಲಿ ದೊಡ್ಡ ಬ್ಯಾಟರಿಯ ಪಾಲೂ ಇದೆ, ಒಪ್ಪೋಣ. ಆದರೂ ತಾನೇ ಪಾರ್ಕ್ ಆಗುವ ವಿದ್ಯೆ ಬೇಕೆಂದರೆ ಆ ಮೇಲಿನ ಮೆಟ್ಟಿಲೇ ಹತ್ತಬೇಕು. ಟಾಟಾದ ಹ್ಯಾರಿಯರ್ ಇವಿ 2025ರ ಜೂನಿನಲ್ಲಿ 21.49 ಲಕ್ಷದಿಂದ ಶುರುವಾಯಿತು. ಇವೆಲ್ಲ ಷೋರೂಮಿನ ಬಾಗಿಲ ದರ. ವಿಮೆ ಗಿಮೆ ಬೇರೆ. ಹಳದಿ ಎಲೆ ರೋಗ ಒಂದು ಕಡೆ, ಎಲೆಚುಕ್ಕಿ ರೋಗ ಇನ್ನೊಂದು ಕಡೆ ತೋಟ ತಿನ್ನುತ್ತಿರುವಾಗ ಉಳಿದ ದುಡ್ಡು ಇದು. ಯಾವುದಕ್ಕೆ ಕೊಡಬೇಕು, ಯಾವುದಕ್ಕೆ ಬೇಡ ಅಂತ ನೋಡಿ ಕೊಡಬೇಕಲ್ಲ.

ಷೋರೂಮಿನವರು ಟೆಸ್ಟ್ ಡ್ರೈವ್ ಕೊಡುತ್ತಾರೆ. ಶಿವಮೊಗ್ಗದಲ್ಲೋ ಚಿಕ್ಕಮಗಳೂರಿನಲ್ಲೋ ಅಗಲವಾದ ರಸ್ತೆ, ಸುಣ್ಣ ಬಳಿದ ಹಾಗೆ ಬಿಳಿ ಗೆರೆ, ಒಳಗೆ ಏಸಿ ತಂಪು, ಹಾಡು. ಹತ್ತು ನಿಮಿಷದಲ್ಲಿ ಗಿರಾಕಿ ಸೈ ಅಂದುಬಿಡುತ್ತಾನೆ. ಜವಳಿ ಅಂಗಡಿಯವರನ್ನು ಕೇಳಿ ನೋಡಿ. ಬುದ್ಧಿ ಇರುವ ಹೆಂಗಸರು ಸೀರೆಯನ್ನು ಟ್ಯೂಬ್‌ಲೈಟಿನಲ್ಲಿ ನೋಡಿ ಕೊಳ್ಳುವುದಿಲ್ಲ, ಬಾಗಿಲಿಗೆ ತಂದು ಬಿಸಿಲಿಗೆ ಹಿಡಿಯುತ್ತಾರೆ. ಕಾರನ್ನೂ ಹಾಗೇ ಬೇಗಾರ್ ರಸ್ತೆಗೆ ತಂದು ಹಿಡಿಯಬೇಕು. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ: ಗಾಡಿಯ ಕಣ್ಣಿಗೆ ದುಡ್ಡು ಕೊಡಿ, ಗಾಡಿಯ ಕೈಗೆ ಕೊಡುವ ಮೊದಲು ಎರಡು ಸಲ ಯೋಚಿಸಿ.

ಗೋಡೆ ಕಾಣುತ್ತೆ, ಗುಂಡಿ ಕಾಣಲ್ಲ

ಬಂಪರಿನಲ್ಲಿ ನಾಲ್ಕಾಣೆ ಬಿಲ್ಲೆಯಂಥ ಸೆನ್ಸರುಗಳನ್ನು ನೀವು ನೋಡಿರುತ್ತೀರಿ. ಹಿಂಬದಿಗೆ ಅವು 2019ರ ಜುಲೈ 1ರಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯ. ಕೆಲಸ ಸುಲಭದ್ದು. ಬಾವಲಿಯ ಹಾಗೆ ನಮ್ಮ ಕಿವಿಗೆ ಕೇಳಿಸದ ಶಬ್ದ ಬಿಡುತ್ತವೆ. ಅದು ತಗುಲಿ ವಾಪಸು ಬರಲು ಹಿಡಿದ ಹೊತ್ತು ಅಳೆದು ದೂರ ಹೇಳುತ್ತವೆ. ಗೋಡೆ, ಕಂಬ, ಪಕ್ಕದ ಕಾರು, ಹಿಂದೆ ನಿಂತ ಮನುಷ್ಯ, ಎಲ್ಲದಕ್ಕೂ ಕುಯ್ ಕುಯ್ ಅನ್ನುತ್ತವೆ. ಆದರೆ ಶಬ್ದ ವಾಪಸು ಬರಬೇಕಾದರೆ ಎದುರಿಗೆ ಏನಾದರೂ ನಿಂತಿರಬೇಕು. ಚರಂಡಿ ನಿಂತಿರುವ ವಸ್ತುವಲ್ಲ, ಬಿದ್ದಿರುವ ವಸ್ತು. ತೋಟದ ಅಂಚಿನ ಅಗಳಿಗೂ ಅದೇ ಕಥೆ, ಕುಸಿದ ಧರೆಯ ಅಂಚಿಗೂ ಅದೇ ಕಥೆ. ಮಲೆನಾಡಿನಲ್ಲಿ ಕಾರು ಹಾಳಾಗುವುದು ಗೋಡೆಗೆ ಗುದ್ದಿ ಅಲ್ಲ. ಹುಲ್ಲು ಮುಚ್ಚಿದ ಗುಂಡಿಗೆ ಚಕ್ರ ಇಳಿಸಿ. ಅಲ್ಲಿ ಸೆನ್ಸರ್ ತೆಪ್ಪಗಿರುತ್ತದೆ.

ಈಚೆಗೆ ಇಂಥದೊಂದು ಗಾಡಿ ನಮ್ಮ ಕಡೆ ಪರೀಕ್ಷೆಗೆ ಬಂದಿತ್ತು. ಹೆಸರು ಬೇಡ ಬಿಡಿ. ಜೊತೆಗೆ ಬಂದ ಹುಡುಗ ಒಳ್ಳೆಯವನೇ. ಅಂಗಡಿ ಸಾಲಿನ ಮುಂದೆ ನಿಲ್ಲಿಸಿ, “ಸರ್, ಈಗ ಕೈ ಬಿಡಿ, ಅದೇ ಜಾಗ ಹುಡುಕತ್ತೆ” ಎಂದ. ಗಾಡಿ ಹುಡುಕಿತು. ಒಂದು ಕಡೆ ಸ್ಕೂಟರು ಓರೆಯಾಗಿ ನಿಂತಿತ್ತು, ಇನ್ನೊಂದು ಕಡೆ ಅಡಿಕೆ ಮೂಟೆ, ನಡುವೆ ಬಾಳೆಕಾಯಿ ಗೊನೆ. ಗೆರೆ ಎಳೆದ ಜಾಗ ಕೇಳುವ ಗಾಡಿಗೆ ಇದು ಜಾಗ ಅಂತಲೇ ಅನ್ನಿಸಲಿಲ್ಲ. ಮತ್ತೆ ಮುಂದೆ ಹೋಗಿ, ಮತ್ತೆ ಹುಡುಕಿ, ಎರಡು ಜೀಪುಗಳ ನಡುವೆ ಕಂಡಿತು. ಕಂಡ ಮೇಲೆ ಕೆಲಸ ಅಚ್ಚುಕಟ್ಟು, ಸುಳ್ಳು ಹೇಳಬಾರದು. ಸ್ಟೀರಿಂಗ್ ತಾನೇ ಗರಗರ ತಿರುಗಿತು, ಗೇರ್ ತಾನೇ ಬದಲಾಯಿತು. ಆದರೆ ಆ ನಾಜೂಕು ಮುಗಿಯುವಷ್ಟರಲ್ಲಿ ಹಿಂದೆ ಬಸ್ಸು ಬಂದು ನಿಂತು ಹಾರನ್ ಒತ್ತಿದ್ದೇ ಒತ್ತಿದ್ದು. ಕಿಟಕಿಯಿಂದ ಒಬ್ಬರು ಕತ್ತು ಹೊರಹಾಕಿ, “ತಮ್ಮಾ, ಗಾಡಿಗೆ ಹೇಳು, ನಮಗೆ ಶೃಂಗೇರಿಗೆ ಹೋಗೋದಿದೆ” ಎಂದರು. ಬಸ್ಸಿನವರಿಗೆ ಅರ್ಧ ನಿಮಿಷ ಅಂದರೂ ಅರ್ಧ ನಿಮಿಷವೇ.

1991ರಲ್ಲಿ ಕಾರ್ಮಿಕರೇ ಕಟ್ಟಿ 2020ರವರೆಗೆ ಓಡಿಸಿದ ಕೊಪ್ಪದ ಸಹಕಾರ ಸಾರಿಗೆ ಬಸ್ಸುಗಳಿಗೆ ಯಾವ ಸೆನ್ಸರ್ ಇತ್ತು ಸ್ವಾಮಿ? ಹಿಂಬಾಗಿಲಲ್ಲಿ ನೇತಾಡುವ ಕಂಡಕ್ಟರ್. “ಬರ್ಲಿ, ಬರ್ಲಿ, ಬರ್ಲಿ, ಹೋಲ್ಡಾನ್!” ಆತನಿಗೆ ಗೋಡೆಯೂ ಕಾಣುತ್ತಿತ್ತು, ಚರಂಡಿಯೂ ಕಾಣುತ್ತಿತ್ತು.

ಹಾಗಂತ ಎಲ್ಲವೂ ದಂಡ ಎಂದು ನಾವು ಹೇಳುವುದಿಲ್ಲ. ಒಡೆಯ ಹೊರಗೆ ನಿಂತೇ ಗಾಡಿಯನ್ನು ಒಳಗೆ ಕಳಿಸುವ, ಹೊರಗೆ ಕರೆಯುವ ವಿದ್ಯೆ ಮಹೀಂದ್ರದ ಮೇಲಿನ ದರ್ಜೆಯಲ್ಲೂ ಹ್ಯಾರಿಯರ್ ಇವಿಯಲ್ಲೂ ಇದೆ. ಪೇಟೆಯವರಿಗೆ ಇದು ಷೋಕಿ. ಆದರೆ ನಮ್ಮ ಕಡೆ ನಿಜವಾಗಿ ಉಪಯೋಗ. ಯಾಕೆ ಅಂತ ಕೇಳಿ. ನಮ್ಮ ಎಷ್ಟೋ ಮನೆಗಳ ಕಾರ್ ಶೆಡ್ಡು ಅಂದರೆ ಹಳೆಯ ಕೊಟ್ಟಿಗೆಯ ಒಂದು ಅಂಕಣ. ಮಾರುತಿ 800 ಬಂದ ಕಾಲದಲ್ಲಿ ಅದಕ್ಕೆ ಬಾಗಿಲು ಇಟ್ಟದ್ದು. ಆ ಕಾರಿನ ಅಗಲ ಒಂದೂವರೆ ಮೀಟರಿಗೂ ಕಡಿಮೆ. ಈಗಿನ ಬಿಇ 6ರ ಅಗಲ 1,907 ಮಿಲಿಮೀಟರ್, ಹ್ಯಾರಿಯರ್‌ದು 1,922. ಒಳಗೆ ನುಗ್ಗಿಸಬಹುದು, ನುಗ್ಗಿಸಿದ ಮೇಲೆ ಬಾಗಿಲು ತೆರೆಯಲಾಗದೆ ಒಳಗೇ ಕೂತಿರಬೇಕು! ಅಂಥ ಮನೆಗೆ ಈ ವಿದ್ಯೆ ಬೇಕು. ಆದರೆ ಷೋರೂಮಿನ ನೆಲದ ಮೇಲೆ ತೋರಿಸಿದರೆ ಒಪ್ಪಬೇಡಿ. ನಿಮ್ಮ ಅಂಗಳಕ್ಕೇ ತರಿಸಿ, ಏರು ಇದ್ದರೆ ಏರಿನಲ್ಲಿ, ಪಾಚಿ ಇದ್ದರೆ ಪಾಚಿಯಲ್ಲಿ ಮಾಡಿಸಿ ನೋಡಿ. ಇನ್ನೊಂದು ಮಾತು. ದೂರದಿಂದ ಮೊಬೈಲಿನಲ್ಲಿ ಕೊಡುವ ಕೆಲವು ಆಜ್ಞೆಗಳಿಗೆ ನೆಟ್‌ವರ್ಕ್ ಬೇಕು. ಮಳೆಗಾಲದಲ್ಲಿ ಮೆಸ್ಕಾಂ ಲೈನು ಹೋದರೆ ಟವರೂ ಹೋಗುವ ಊರು ನಮ್ಮದು. ಕೀ ಜೇಬಿನಲ್ಲೇ ಇರಲಿ.

ಕ್ಯಾಮೆರಾ ಮಾತ್ರ ಕೊಳ್ಳಲೇಬೇಕಾದ್ದು. ಸುತ್ತಲೂ ತೋರಿಸುವ ಕ್ಯಾಮೆರಾ ಇದ್ದರೆ ಚರಂಡಿ ನಿಮ್ಮ ಕಣ್ಣಿಗೆ ಬೀಳುತ್ತದೆ. ಸೆನ್ಸರಿಗೆ ತಿಳಿಯದ್ದು ನಿಮಗೆ ತಿಳಿಯುತ್ತದೆ. ಪರೀಕ್ಷೆ ಮಾಡುವಾಗ ಮಸೂದೆ ಬರೆದಂತೆ ಬೇಡ, ಮೂರೇ ಕೆಲಸ ಮಾಡಿ. ಎಡ ಚಕ್ರ ಚರಂಡಿಯ ಅಂಚಿಗೆ ಒಂದು ಗೇಣು ಬರುವ ಹಾಗೆ ನಿಲ್ಲಿಸಿ, ಇಳಿದು ನೋಡಿ: ಪರದೆಯ ಮೇಲೆ ಕಂಡ ಗೇಣೂ ನೆಲದ ಗೇಣೂ ಒಂದೇಯೋ? ಈ ಕ್ಯಾಮೆರಾಗಳ ಗಾಜು ಉಬ್ಬಿನದು, ಅಂಚಿನಲ್ಲಿ ದೂರ ಹಿಗ್ಗಿ ಕಾಣುವುದುಂಟು. ಆಮೇಲೆ ಕೆಸರು ರಸ್ತೆಯಲ್ಲಿ ಒಂದು ಮೈಲಿ ಓಡಿಸಿ ಮತ್ತೆ ಪರದೆ ನೋಡಿ. ಮೂರನೆಯದು ರಾತ್ರಿ, ಬೀದಿದೀಪ ಇಲ್ಲದ ಕಡೆ. ಷೋರೂಮು ಸಂಜೆಗೆ ಮುಚ್ಚುತ್ತದೆ ಎಂದು ಹುಡುಗ ಹೇಳಿದರೆ, ಅಡಿಕೆ ಕಾಯುವವರಿಗೆ ರಾತ್ರಿ ಮುಚ್ಚುವುದಿಲ್ಲ ಎಂದು ಹೇಳಿ.

ಕೆಲವು ಗಾಡಿಗಳಲ್ಲಿ ಬಾನೆಟ್ಟಿನ ಅಡಿಯ ನೆಲವೂ ಪರದೆಯ ಮೇಲೆ ಕಾಣುತ್ತದೆ. ಭಲೇ ಎನ್ನಿಸುತ್ತದೆ. ಆದರೆ ಗಾಡಿಯ ಹೊಟ್ಟೆಯಲ್ಲಿ ಕಣ್ಣಿಲ್ಲ. ಮುಂದಿನ ಕ್ಯಾಮೆರಾ ಸ್ವಲ್ಪ ಹೊತ್ತಿನ ಮುಂಚೆ ಹಿಡಿದ ಚಿತ್ರವನ್ನೇ ಹೊಂದಿಸಿ ಅಡಿಯಲ್ಲಿ ತೋರಿಸುವುದು. ಕಲ್ಲಿಗೆ ಇದು ಸಾಕು, ಕಲ್ಲು ನಡೆಯುವುದಿಲ್ಲ. ಗಾಡಿ ನಿಂತ ಮೇಲೆ ಅಡಿಗೆ ನುಗ್ಗಿದ ನಾಯಿಮರಿ, ಚೆಂಡು ಹುಡುಕುವ ಮಗು ಆ ಚಿತ್ರದಲ್ಲಿ ಇರುವುದಿಲ್ಲ. ಅಂಗಳದಲ್ಲಿ ಮಕ್ಕಳಿರುವ ಮನೆಯವರು ಇದನ್ನು ನೆನಪಿಡಬೇಕು.

ಗೆರೆ ಎಲ್ಲಿದೆ ಸ್ವಾಮಿ?

ಇನ್ನು ರಸ್ತೆಯ ಮೇಲಿನ ಸಹಾಯ. ಗೆರೆ ದಾಟದಂತೆ ಸ್ಟೀರಿಂಗ್ ಹಿಡಿಯುವ ವ್ಯವಸ್ಥೆಗೆ ಮೊದಲು ಗೆರೆ ಬೇಕು. ನಮ್ಮ ಒಳರಸ್ತೆಗಳಲ್ಲಿ ಗೆರೆ ಇಲ್ಲ. ಎಳೆದ ಕಡೆಯೂ ಒಂದು ಮಳೆಗಾಲಕ್ಕೆ ಪಾಚಿ, ಎರಡನೆಯದಕ್ಕೆ ಹುಲ್ಲು. ಮೇಲಾಗಿ ಸಾಮಾನ್ಯವಾಗಿ ಈ ವ್ಯವಸ್ಥೆ ಏಳುವುದು ಗಂಟೆಗೆ ಸುಮಾರು 60 ಕಿ.ಮೀ. ವೇಗ ಬಂದ ಮೇಲೆ. ಬೇಗಾರ್‌ನಿಂದ ಶೃಂಗೇರಿಗೆ ಆ ತಿರುವುಗಳಲ್ಲಿ 60ರಲ್ಲಿ ಹೋಗುವವರಿಗೆ ಬೇಕಾದ್ದು ಬೇರೆ ಚಿಕಿತ್ಸೆ. ಅಂದರೆ ನಮ್ಮ ತಾಲ್ಲೂಕಿನ ಮಟ್ಟಿಗೆ ಈ ವಿದ್ಯೆ ನಿದ್ದೆಯಲ್ಲೇ ಇರುತ್ತದೆ. ಬೆಂಗಳೂರಿಗೆ ತಿಂಗಳಿಗೆ ನಾಲ್ಕು ಸಲ ಓಡಾಡುವವರ ಮಾತು ಬೇರೆ.

ಅಗಲದ ಲೆಕ್ಕವನ್ನೂ ಯಾರೂ ಹೇಳುವುದಿಲ್ಲ. ಒಂಟಿ ಪಥದ ರಸ್ತೆಗೆ ಸರ್ಕಾರಿ ಅಳತೆ 3.75 ಮೀಟರ್. ಎರಡು ಹ್ಯಾರಿಯರ್ ಎದುರುಬದುರಾದರೆ ಕನ್ನಡಿ ಬಿಟ್ಟೇ 3.84 ಮೀಟರ್! ಡಾಂಬರಿನ ಮೇಲೆ ಜಾಗವೇ ಇಲ್ಲ. ಎದುರಿಗೆ ಬಸ್ಸು ಬಂದರೆ ಅದಕ್ಕಿಂತ ಕಷ್ಟ. ಯಾರಾದರೂ ಒಬ್ಬರು ಚಕ್ರ ಮಣ್ಣಿಗೆ ಇಳಿಸಬೇಕು.

ತಾನೇ ಬ್ರೇಕ್ ಹಾಕುವ ವ್ಯವಸ್ಥೆಯನ್ನು ಮಾತ್ರ ನಾವು ಹಗುರವಾಗಿ ಆಡುವುದಿಲ್ಲ. ಯುರೋಪಿನಲ್ಲಿ 2024ರ ಜುಲೈಯಿಂದ ಎಲ್ಲ ಹೊಸ ಕಾರುಗಳಿಗೂ ಅದನ್ನು ಕಡ್ಡಾಯ ಮಾಡಿದ್ದಾರೆ, ಸುಮ್ಮನೆ ಅಲ್ಲ. ಪೇಟೆ ಬೀದಿಯಲ್ಲಿ ಬಸ್ಸಿನ ಮುಂದಿನಿಂದ ಓಡಿಬಂದ ಶಾಲೆ ಮಕ್ಕಳನ್ನು ಒಂದು ಸಲ ಉಳಿಸಿದರೂ ಕೊಟ್ಟ ದುಡ್ಡು ಬಂತು. ಆದರೆ ಯುರೋಪಿನ ಪರೀಕ್ಷೆಗಳಲ್ಲಿ ಎದುರಿಗೆ ನಿಲ್ಲಿಸುವ ಬೊಂಬೆಗಳು ಕಾರು, ಮನುಷ್ಯ, ಸೈಕಲ್, ಮೋಟರ್‌ಬೈಕಿನವು. ನಮ್ಮ ರಸ್ತೆಗೆ ಅಡ್ಡ ಬರುವ ಮಹನೀಯರು ದನ, ಕಡವೆ, ಕಾಡುಕೋಣ. ಸ್ವೀಡನ್ನಿನ ವೋಲ್ವೊ ಕಂಪನಿ, ಬಸ್ಸಿನಿಂದ ನಮಗೆ ಹೆಸರು ಪರಿಚಯ, ತನ್ನ ಕಾರುಗಳಿಗೆ ಆ ದೇಶದ ದೊಡ್ಡ ಕಡವೆಗಳನ್ನು ಗುರುತಿಸಲು ಕಲಿಸಿತ್ತು. ಆಸ್ಟ್ರೇಲಿಯಕ್ಕೆ ಹೋದಾಗ ಕಾಂಗರೂ ಎದುರಾಯಿತು. ಕಾಂಗರೂ ನೆಗೆದು ಗಾಳಿಯಲ್ಲಿದ್ದಾಗ ಗಾಡಿಗೆ ಅದು ದೂರ ಹೋದಂತೆ ಕಂಡಿತು, ನೆಲಕ್ಕೆ ಬಿದ್ದಾಗ ಹತ್ತಿರ ಬಂದಂತೆ. 2017ರಲ್ಲಿ ಕಂಪನಿಯವರೇ ಇದನ್ನು ಒಪ್ಪಿಕೊಂಡರು. ಊರಿಗೊಂದು ಪ್ರಾಣಿ, ಪ್ರಾಣಿಗೊಂದು ನಡಿಗೆ. ಆದ್ದರಿಂದ ಷೋರೂಮಿನ ಹುಡುಗನನ್ನು ನೇರವಾಗಿ ಕೇಳಿ: ಈ ಗಾಡಿ ಕತ್ತಲಲ್ಲಿ ಮಲಗಿದ ಕಪ್ಪು ಎಮ್ಮೆಯನ್ನು ಗುರುತಿಸುತ್ತದೆಯೇ? ಉತ್ತರ ಕಾಗದದಲ್ಲಿ ಕೊಡಲಿ. ಮಳೆ ಮಂಜಿನಲ್ಲಿ ಕ್ಯಾಮೆರಾ ಮಂಕಾದರೆ ಪರದೆಯ ಮೇಲೆ ಏನೆಂದು ತೋರಿಸುತ್ತದೆ ಎಂಬುದನ್ನೂ ಕೇಳಿ. ಕೆಲಸ ನಿಲ್ಲಿಸುವ ಗಾಡಿಗಿಂತ ನಿಲ್ಲಿಸಿದ್ದನ್ನು ಹೇಳದ ಗಾಡಿ ಅಪಾಯ. ಅನಾಹುತವಾದರೆ ಕೇಸು ಬೀಳುವುದು ಕ್ಯಾಮೆರಾದ ಮೇಲಲ್ಲ, ಸೀಟಿನಲ್ಲಿ ಕೂತವರ ಮೇಲೆ.

ಘಾಟಿಗೆ ಬಂದರೆ ಕರೆಂಟು ಗಾಡಿಯ ನಿಜವಾದ ಗುಣ ತಿಳಿಯುತ್ತದೆ. ಇದು ಕಂಪನಿಯವರ ಜಾಹೀರಾತಿನಲ್ಲಿ ಕೊನೆಗೆ ಬರುವ ವಿಷಯ, ನಮಗೆ ಮೊದಲಿನದು. ಕಾಲು ಎತ್ತಿದೊಡನೆ ಮೋಟಾರೇ ಡೈನಮೋ ಆಗಿ ಗಾಡಿಯನ್ನು ಹಿಡಿಯುತ್ತದೆ, ಬ್ಯಾಟರಿಗೆ ಕರೆಂಟು ತುಂಬುತ್ತದೆ. ಆಗುಂಬೆ ಘಾಟಿಯ 14 ಹಿಮ್ಮುರಿ ತಿರುವುಗಳಲ್ಲಿ ಬ್ರೇಕ್ ಪ್ಯಾಡ್ ಸುಟ್ಟ ವಾಸನೆ ಗೊತ್ತಿದ್ದವರಿಗೆ ಇದರ ಬೆಲೆ ತಿಳಿಯುತ್ತದೆ. ಎರಡು ಟನ್ನಿನ ಗಾಡಿ 500 ಮೀಟರ್ ಎತ್ತರ ಇಳಿದರೆ ಸುಮಾರು 2.7 ಯೂನಿಟ್ ಶಕ್ತಿ. ಮೆಸ್ಕಾಂ ಬಿಲ್ಲಿನ ಅದೇ ಯೂನಿಟ್ಟು. ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ವಾಪಸು ಬಂದರೂ ಎಂಟು ಹತ್ತು ಕಿಲೋಮೀಟರಿನ ಓಟ ಪುಕ್ಕಟೆ. ಆದರೆ ಇಲ್ಲೊಂದು ಗುಟ್ಟಿದೆ. ಬ್ಯಾಟರಿ ಪೂರ್ತಿ ತುಂಬಿದ್ದರೆ ಈ ಕರೆಂಟಿಗೆ ಜಾಗವಿಲ್ಲ. ಆಗ ಮೋಟಾರಿನ ಹಿಡಿತ ಸಡಿಲ, ಬ್ರೇಕೇ ಗತಿ. ಬೇಗಾರ್‌ನಲ್ಲಿ ರಾತ್ರಿಯಿಡೀ ಚಾರ್ಜಿಗೆ ಹಾಕಿ ಬೆಳಿಗ್ಗೆ ನೂರಕ್ಕೆ ನೂರು ತುಂಬಿಸಿಕೊಂಡು ಉಡುಪಿಗೆ ಹೊರಡುವವರು ಘಾಟಿ ತುದಿಗೆ ಬರುವಾಗ ಈ ಮಾತು ನೆನೆಸಿಕೊಳ್ಳಬೇಕು. 85, 90ಕ್ಕೆ ನಿಲ್ಲಿಸಿ ಹೊರಡುವುದು ವಾಸಿ.

ಕಡೆಯದಾಗಿ ಒಂದು ಪರೀಕ್ಷೆ. ಇದನ್ನು ಮಾಡಿಸದೆ ಮುಂಗಡ ಕೊಡಬೇಡಿ. ಗುಡ್ಡದ ಕಿರಿದಾದ ರಸ್ತೆಯಲ್ಲಿ ಏರುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕು ಎಂಬುದು ಕಾನೂನು. ಅಂದರೆ ಕೆಳಗಿನಿಂದ ಬಸ್ಸು ಬಂದರೆ ನೀವು ಏರಿನಲ್ಲಿ ಹಿಂದಕ್ಕೆ ಹೋಗಬೇಕು. ಮಳೆ ಬರುವ ದಿನ ನೋಡಿ, ಒಂದು ಕಡೆ ಧರೆ, ಒಂದು ಕಡೆ ಚರಂಡಿ ಇರುವ ರಸ್ತೆಯಲ್ಲಿ ಐವತ್ತು ಮೀಟರ್ ರಿವರ್ಸ್ ಹೋಗಿ. ಕ್ಯಾಮೆರಾದ ಮೇಲೆ ನೀರು ಹನಿಯುತ್ತಿದ್ದರೂ ದಾರಿ ಕಾಣುತ್ತದೆಯೇ, ಹುಲ್ಲಿನ ಕಡ್ಡಿ ಸೋಕಿದ್ದಕ್ಕೆಲ್ಲ ಸೆನ್ಸರ್ ಕಿರುಚಿ ತಲೆ ಕೆಡಿಸುತ್ತದೆಯೇ, ಧರೆ ಹತ್ತಿರ ಬಂತೆಂದು ತಾನೇ ಬ್ರೇಕ್ ಹಾಕಿ ನಡುರಸ್ತೆಯಲ್ಲಿ ನಿಂತುಬಿಡುತ್ತದೆಯೇ, ನಿಂತರೆ ಆ ಬ್ರೇಕನ್ನು ಬಿಡಿಸುವ ಗುಂಡಿ ಎಲ್ಲಿದೆ ಎಂದು ನೋಡಿ. ಆ ಗುಂಡಿ ಪರದೆಯೊಳಗೆ ಮೂರು ಮನೆ ದಾಟಿದ ಮೇಲೆ ಸಿಗುವುದಾದರೆ, ಎದುರಿನ ಬಸ್ಸಿನಲ್ಲಿ ಐವತ್ತು ಜನ ಕಾಯುತ್ತಿರುತ್ತಾರೆ.