ಕಡಲಿಗೆ ಕಾಣುವ ಬಂಗಾರದಮ್ಮ

ಬೆಳಗಾಗುತ್ತಲೇ ಫ್ರಾನ್ಸಿನ ಮಾರ್ಸೇಯ ಹಳೆ ಬಂದರಿನ ಕಟ್ಟೆಯ ಮೇಲೆ ಮೀನಿನ ವ್ಯಾಪಾರ ಶುರು. ದೋಣಿಯಿಂದ ಇಳಿದ ಮೀನು ತಟ್ಟೆಯಲ್ಲಿ ಇನ್ನೂ ಬಾಲ ಬಡಿಯುತ್ತಿರುತ್ತದೆ. ಅಲ್ಲಿಂದ ತಲೆಯೆತ್ತಿ ದಕ್ಷಿಣಕ್ಕೆ ನೋಡಿದರೆ ಹೆಂಚಿನ ಮಾಡುಗಳಾಚೆ ಬೋಳು ಸುಣ್ಣಕಲ್ಲಿನ ಗುಡ್ಡ, ಎತ್ತರ ಸುಮಾರು 150 ಮೀಟರ್. ಅದರ ನೆತ್ತಿಯಲ್ಲಿ ಪಟ್ಟೆಪಟ್ಟೆ ಕಲ್ಲಿನ ಚರ್ಚು, ನೋತ್ರ್ ದಾಮ್ ದ ಲಾ ಗಾರ್ದ್. ಗೋಪುರದ ತುದಿಯಲ್ಲಿ ಬಿಸಿಲಿಗೆ ಝಗ್ಗೆಂದು ಹೊಳೆಯುವ ಮೇರಿಯಮ್ಮ. ತೋಳಲ್ಲಿರುವ ಕೂಸು ಎರಡೂ ಕೈ ಚಾಚಿದೆ. ಊರವರು ಆಕೆಯನ್ನು ಕರೆಯುವುದು ‘ಬೊನ್ ಮೇರ್’, ಒಳ್ಳೇ ತಾಯಿ ಎಂದು.

ಈ ಗುಡ್ಡ ಮೊದಲಿನಿಂದಲೂ ಕಾವಲಿನದು. ಬರುವ ಹಡಗುಗಳ ಮೇಲೆ ಇಲ್ಲಿಂದಲೇ ಕಣ್ಣಿಡುತ್ತಿದ್ದರು. 1214ರಲ್ಲಿ ಒಂದು ಪುಟ್ಟ ಪ್ರಾರ್ಥನಾಮಂದಿರ ಎದ್ದಿತು. ಹದಿನಾರನೇ ಶತಮಾನದಲ್ಲಿ ದೊರೆ ಒಂದನೇ ಫ್ರಾನ್ಸ್ವಾ ಅದರ ಸುತ್ತ ಕೋಟೆಯನ್ನೇ ಕಟ್ಟಿಸಿದ. ಹಾಗಾಗಿ ಒಂದೇ ಗೋಡೆಯೊಳಗೆ ಸಿಪಾಯಿಗಳೂ ಇದ್ದರು, ಹರಕೆ ಹೊತ್ತ ನಾವಿಕರೂ ಬರುತ್ತಿದ್ದರು. ಈಗಿನ ಚರ್ಚಿಗೆ ಅಡಿಗಲ್ಲು ಬಿದ್ದದ್ದು 1853ರಲ್ಲಿ. ನಕ್ಷೆ ಹಾಕಿದವನು ನೀಮ್ ಊರಿನ ಆಂರಿ ಎಸ್ಪೆರಾಂದ್ಯೂ. ಇನ್ನೂ ಮೂವತ್ತು ತುಂಬದ ಹುಡುಗ, ಅದರ ಮೇಲೆ ಪ್ರಾಟೆಸ್ಟೆಂಟ್. ಕ್ಯಾಥೊಲಿಕರ ಮಾತೆಗೆ ಮನೆ ಕಟ್ಟಲು ಇವನೇ ಸಿಕ್ಕನೇ ಎಂದು ಗೊಣಗಿದವರು ಇರಲಿಕ್ಕೇ ಬೇಕು!

41 ಮೀಟರ್ ಗೋಪುರ, ಅದರ ಮೇಲೆ ಹನ್ನೆರಡೂವರೆ ಮೀಟರಿನ ಪೀಠ. ಇಷ್ಟೆತ್ತರಕ್ಕೆ ಕಲ್ಲಿನ ಮೂರ್ತಿ ಏರಿಸುವುದು ಆಗದ ಮಾತು, ಕಂಚಿನ ಎರಕಕ್ಕೆ ದುಡ್ಡು ಸಾಲದು. ಆಗ ಹೊಳೆದದ್ದು ಅಂದಿನ ಮಟ್ಟಿಗೆ ಹೊಚ್ಚಹೊಸದಾಗಿದ್ದ ಉಪಾಯ. ಯೂಜೆನ್ ಲೆಕೆನ್ ಎಂಬ ಶಿಲ್ಪಿಯ ಮಾದರಿಯಿಂದ ಅಚ್ಚು ತೆಗೆದು, ವಿದ್ಯುತ್ ಹರಿಯುವಂತೆ ಅದರ ಒಳಮೈಗೆ ಲೇಪ ಬಳಿದು, ಮೈಲುತುತ್ತದ ನೀಲಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸುವುದು. ತಾಮ್ರ ಕಣಕಣವಾಗಿ ಬಂದು ಅಚ್ಚಿಗೆ ಅಂಟಿ ದಪ್ಪಗಾಗುತ್ತದೆ. ಅಚ್ಚು ಬಿಡಿಸಿದರೆ ಸೆರಗಿನ ನೆರಿಗೆ ಸಮೇತ ಮೂರ್ತಿಯ ಭಾಗ ಸಿದ್ಧ. ಅಡಿಕೆ ತೋಟದವರು ಕೊಳೆರೋಗಕ್ಕೆಂದು ಸುಣ್ಣದೊಡನೆ ಕದಡುವ ಮೈಲುತುತ್ತವೇ ಇದು. ಕೆಲಸ ವಹಿಸಿಕೊಂಡದ್ದು ಕ್ರಿಸ್ತೋಫ್ಲ್ ಕಂಪನಿ. ಪ್ಯಾರಿಸಿನ ಸಾಹುಕಾರರ ಊಟದ ಮೇಜಿಗೆ ಬೆಳ್ಳಿ ಗಿಲೀಟಿನ ಚಮಚ ಒದಗಿಸುತ್ತಿದ್ದವರು. ಚಮಚದ ವಿದ್ಯೆಯಿಂದ 11.2 ಮೀಟರಿನ ದೇವಮಾತೆ! ತೂಕ ಹತ್ತು ಟನ್ನಿಗೆ ತುಸು ಕಡಿಮೆ. ಕೂಸಿನ ಮಣಿಕಟ್ಟಿನ ಸುತ್ತಳತೆಯೇ 1.1 ಮೀಟರ್. ಮೈಯೊಳಗೆ ತಲೆಯವರೆಗೂ ಸುರುಳಿ ಮೆಟ್ಟಿಲಿದೆ.

ಭಾಗ ಭಾಗವಾಗಿ ಮೇಲೇರಿಸಿ ಜೋಡಿಸಿ, ಚಿನ್ನದ ರೇಕು ಹೊದಿಸಿ, 1870ರ ಸೆಪ್ಟೆಂಬರಿನಲ್ಲಿ ಪ್ರತಿಷ್ಠೆ ಮಾಡಿದರು. ವಾದ್ಯವಿಲ್ಲ, ಮೆರವಣಿಗೆಯಿಲ್ಲ. ಆ ತಿಂಗಳಷ್ಟೇ ಸೆದಾನಿನಲ್ಲಿ ಪ್ರಷ್ಯನ್ನರ ಕೈಗೆ ಫ್ರಾನ್ಸಿನ ಚಕ್ರವರ್ತಿಯೇ ಸೆರೆ ಸಿಕ್ಕಿದ್ದ. ಸಂಭ್ರಮ ಯಾರಿಗೆ ಬೇಕಿತ್ತು? ಒಳಗಿನ ಮೊಸಾಯಿಕ್ ಕೆಲಸ ಮುಗಿಯುವ ಮುನ್ನ, 1874ರಲ್ಲಿ, ಎಸ್ಪೆರಾಂದ್ಯೂ ತೀರಿಕೊಂಡ. ವಯಸ್ಸು 45. ಉಳಿದದ್ದನ್ನು ಆಂರಿ ರೆವ್ವಾಲ್ ಪೂರೈಸಿದ.

ಕಡಲಂಚಿನಲ್ಲಿ ಬಂಗಾರ ಬಹಳ ದಿನ ನಿಲ್ಲದು. ಉಪ್ಪುಗಾಳಿ, ಅದರ ಮೇಲೆ ಉತ್ತರದಿಂದ ನುಗ್ಗುವ ಮಿಸ್ತ್ರಾಲ್ ಗಾಳಿ. 1897, 1936, 1963, 1989ರಲ್ಲಿ ಹೊಸ ರೇಕು ಹೊದಿಸಿದ್ದರು. 2025ರಲ್ಲಿ ಮತ್ತೆ ಸಾರುವೆ ಕಟ್ಟಿದರು. ಗೋಡೆಯ ಗಾಯಗಳದು ಬೇರೆ ಕತೆ. 1944ರ ಆಗಸ್ಟ್ 25ರಂದು ಜರ್ಮನ್ನರಿಂದ ಗುಡ್ಡ ಬಿಡಿಸಲು ಏರಿಬಂದವರಲ್ಲಿ ಮುಂದಿದ್ದವರು ಫ್ರೆಂಚ್ ಸೇನೆಯ ಅಲ್ಜೀರಿಯಾದ ಕಾಲಾಳುಗಳು. ಅಂದಿನ ಗುಂಡಿನ ತೂತುಗಳು ಕಲ್ಲಿನಲ್ಲಿ ಇನ್ನೂ ಇವೆ.

ಒಳಗೆ ಹೋದರೆ ಹರಕೆಗಳ ರಾಶಿ. ಕಮಾನುಗಳ ನಡುವೆ ದಾರದಲ್ಲಿ ತೂಗುವ ಪುಟಾಣಿ ಹಡಗುಗಳು. ಗೋಡೆಯ ತುಂಬ ಬಿರುಗಾಳಿಗೆ ಸಿಕ್ಕಿ ಬದುಕಿ ಬಂದವರು ಬರೆಸಿ ಒಪ್ಪಿಸಿದ ಚಿತ್ರಗಳು, ಅಮೃತಶಿಲೆಯ ಫಲಕಗಳು. ಕೆಲವು ಚಿತ್ರಗಳಲ್ಲಿ ಅಲೆ ಹಡಗಿಗಿಂತ ಎತ್ತರ, ಮೋಡದ ಮೂಲೆಯಲ್ಲಿ ಚಿಕ್ಕದಾಗಿ ಮೇರಿ. ಕಲೆಗಾರಿಕೆ ಅಷ್ಟಕ್ಕಷ್ಟೇ, ಭಯ ಮಾತ್ರ ಅಪ್ಪಟ. ಊರಿನ ಫುಟ್‌ಬಾಲ್ ತಂಡದ ಅಭಿಮಾನಿಗಳ ಹರಕೆಗೂ ಇಲ್ಲಿ ಜಾಗವಿದೆ.

ಹಳೆ ಬಂದರಿನಿಂದ 60ನೇ ನಂಬರ್ ಬಸ್ಸು ಚರ್ಚಿನ ಬುಡಕ್ಕೇ ಬಿಡುತ್ತದೆ. ಆದರೆ ಬುಡದಲ್ಲಿ ನಿಂತವರಿಗೆ ಕಾಣುವುದು ಪೀಠ ಮತ್ತು ಗದ್ದ. ಸಿಗುವುದು ಕುತ್ತಿಗೆ ನೋವು. ಈ ಮೂರ್ತಿಯ ಅಳತೆಯೆಲ್ಲ ದೂರದ ಹಡಗಿನ ಕಣ್ಣಿಗೆ ಹೊಂದಿಸಿದ್ದು. ನೀವು ಹೋದರೆ ಚರ್ಚು ನೋಡಿಕೊಂಡು ಕೆಳಗಿಳಿದು, ಕಡಲ ನಡುವಿನ ಇಫ್ ಕೋಟೆಗೆ ಹೋಗುವ ದೋಣಿಯ ಟಿಕೆಟನ್ನೂ ತೆಗೆಸಿ. ಹತ್ತುವಾಗ ಹಿಂಬದಿಯ ಸೀಟನ್ನೇ ಹಿಡಿಯಿರಿ.